ಕುಸಿಯದ ಬ್ರೆಡ್ಡುಗಳು

ಬೇಕರಿಯ ಹಿಂದಿನ ಕೋಣೆ,
ಜೂನ್ ೧೪, ಮಧ್ಯಾಹ್ನ

ಪ್ರೀತಿಯ ವಕೀಲಮ್ಮಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಇಲ್ಲ ಪುಸ್ತಕ ಮುಂದಿಟ್ಟುಕೊಂಡು ತಟ್ಟೆಯ ಅನ್ನ ಆರಲು ಬಿಡುತ್ತಿದ್ದೀಯೋ? ಇಲ್ಲಿ ನಾವೆಲ್ಲ ಕ್ಷೇಮ. ನಿನ್ನಮ್ಮನ ಮಂಡಿನೋವು ಇದ್ದ ಹಾಗೇ ಇದೆ, ನಿನ್ನಪ್ಪನ ಮೂಗಿನ ತುದಿಯ ಕೋಪವೂ ಇದ್ದ ಹಾಗೇ ಇದೆ.

ನಿನ್ನ ಕಾಗದ ಓದಿ ನಿನ್ನಮ್ಮ, ಅಂದರೆ ನನ್ನಕ್ಕ, ಕಣ್ಣೊರೆಸಿಕೊಂಡು ನನ್ನ ಕೈಗೆ ಕೊಟ್ಟಳು. ಕಾಲೇಜು ಬಿಟ್ಟು ಬಂದು ಬೇಕರಿಯ ಗಲ್ಲಾದಲ್ಲಿ ಕೂರುತ್ತೀಯಂತೆ. ಇತಿಹಾಸದ ಮೇಷ್ಟ್ರು ‘ಇದನ್ನ ಕಣ್ಣಾರೆ ಕಂಡವರು ಯಾರು’ ಅನ್ನುತ್ತಾರೆ, ಸಂಖ್ಯಾಶಾಸ್ತ್ರದ ಮೇಡಂ ‘ಯಾವುದಕ್ಕೆ ಹೋಲಿಸಿ ಹೇಳ್ತಿದ್ದೀಯ’ ಅನ್ನುತ್ತಾರೆ, ರಸಾಯನಶಾಸ್ತ್ರದವರು ‘ಒಂದು ಸಲಕ್ಕೆ ಒಂದನ್ನೇ ಬದಲಾಯಿಸು’ ಅನ್ನುತ್ತಾರೆ, ಸಾಹಿತ್ಯದವರಂತೂ ಒಂದೇ ಒಂದು ಪದ ಹಿಡಿದು ಅರ್ಧ ಗಂಟೆ ಜಗ್ಗಾಡುತ್ತಾರೆ. ಒಬ್ಬೊಬ್ಬರದು ಒಂದೊಂದು ರಾಗ, ಉತ್ತರದ ತುಂಬ ಕೆಂಪು ಗೀಟು, ನಾನು ಯೋಚನೆ ಮಾಡೋದಕ್ಕೇ ಲಾಯಕ್ಕಿಲ್ಲ ಎಂದು ಬರೆದಿದ್ದೀಯ. ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಹೋದ ರಜೆಯಲ್ಲಿ ನನ್ನ ಅನ್ನ ಉಳಿಸಿದ್ದೇ ಆ ತಲೆ.

ನೆನಪಿದೆಯಲ್ಲ? ಬ್ರೆಡ್ಡು ನಡುಮಧ್ಯೆ ಕುಸಿಯುತ್ತಿತ್ತು. ಹಿಟ್ಟು ನಾದುವವನು ನಾನು, ಹಾಗಾಗಿ ತಪ್ಪೂ ನನ್ನದೇ. ‘ಯಾವಾಗ್ಲೂ ಹೀಗೇ. ಇವನ ಕೈಯೇ ಸರಿಯಿಲ್ಲ, ಬೇರೆಯವರನ್ನ ನೋಡ್ಕೋತೀನಿ’ ಎಂದು ಭಾವ ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಈ ವಯಸ್ಸಿನಲ್ಲಿ ನಾನು ಎಲ್ಲಿಗೆ ಹೋಗಲಿ? ನೀನು ತಣ್ಣಗೆ ‘ಅಪ್ಪಾ, ಯಾವಾಗ್ಲೂ ಅಂದ್ರೆ ಯಾವತ್ತು?’ ಎಂದೆ. ಭಾವ ತಡವರಿಸಿ, ದೊಡ್ಡ ಆರ್ಡರಿನ ದಿನ ಎಂದರು. ‘ನೀವೇ ನೋಡಿದ್ರಾ?’ ಎಂದೆ ನೀನು. ಅವರಿಗೆ ಅಕ್ಕ ಹೇಳಿದ್ದು, ಅಕ್ಕನಿಗೆ ಗಿರಾಕಿಗಳು ಹೇಳಿದ್ದು! ಆಮೇಲೆ ಕೇಳಿದೆಯಲ್ಲ, ಆ ಪ್ರಶ್ನೆಗೆ ನಿನ್ನ ಕೈಗೆ ಚಿನ್ನದ ಬಳೆ ಹಾಕಿಸಬೇಕು: ‘ಕುಸಿದದ್ದನ್ನ ಬಿಡಿ. ಅದೇ ದಿನ ಕುಸಿಯದೆ ಇದ್ದದ್ದು ಎಷ್ಟು?’ ಆ ಕಡೆ ನಾವು ಯಾರೂ ಕಣ್ಣೇ ಹಾಯಿಸಿರಲಿಲ್ಲ.

ಮುಂದಿನ ದೊಡ್ಡ ಆರ್ಡರಿಗೆ ನೀನೇ ಭಟ್ಟಿಯ ಮುಂದೆ ನಿಂತೆ. ಮುಕ್ಕಾಲು ಪಾಲು ಬ್ರೆಡ್ಡು ನೆಟ್ಟಗೆ ಬಂತು, ಉಳಿದದ್ದು ಕುಸಿಯಿತು. ಅದೇ ಹಿಟ್ಟು, ಅದೇ ಕೈ. ಬೇರೆಯಾಗಿದ್ದದ್ದು ಜಾಗ ಮಾತ್ರ. ಅಂಥ ದಿನ ಮೇಜು ಸಾಲದೆ ಕೆಲವು ಅಚ್ಚುಗಳನ್ನು ಭಟ್ಟಿಯ ಹಿಂದಿನ ಹಲಗೆಯ ಮೇಲೆ ಉಬ್ಬಲು ಇಡುತ್ತಿದ್ದೆವು. ಮರುದಿನ ನೀನು ಒಂದೇ ಹಿಟ್ಟನ್ನು ಎರಡು ಅಚ್ಚಿಗೆ ಹಾಕಿಸಿ, ಒಂದನ್ನು ಹಲಗೆಯ ಮೇಲೆ, ಇನ್ನೊಂದನ್ನು ಮೇಜಿನ ಮೇಲೆ ಇಡಿಸಿದೆ. ಹಲಗೆಯದು ಬಿಸಿಗೆ ಅತಿಯಾಗಿ ಉಬ್ಬಿ, ಭಟ್ಟಿಗೆ ಹೋದದ್ದೇ ಕುಸಿಯಿತು. ಆ ಹಲಗೆಗೆ ಮೊಳೆ ಹೊಡೆದಿದ್ದವರು ಭಾವನೇ. ಅದನ್ನು ಕೀಳಲು ಸುತ್ತಿಗೆ ಹುಡುಕಿಕೊಂಡು ಹೋದವರೂ ಅವರೇ.

ನಾಲ್ವರದು ನಾಲ್ಕು ರಾಗ ಅನ್ನುತ್ತೀಯ. ಅವತ್ತು ನಾಲ್ವರೂ ನಿನ್ನ ಬಾಯಲ್ಲಿ ಒಟ್ಟಿಗೆ ಮಾತಾಡಿದ್ದನ್ನು ನಾನು ಕಣ್ಣಾರೆ ಕಂಡವನು. ನನ್ನ ಪರವಾಗಿ ಬರೀ ಅತ್ತಿದ್ದರೆ ಭಾವ ಕರಗುತ್ತಿರಲಿಲ್ಲ. ನೀನು ಕೇಳಿದೆ, ಅದಕ್ಕೇ ನಾನಿವತ್ತೂ ಇಲ್ಲಿ ಹಿಟ್ಟು ನಾದುತ್ತಿದ್ದೇನೆ. ನನ್ನ ಎದೆ ಎಷ್ಟು ಉಬ್ಬಿದೆ ಎಂದರೆ, ಹಲಗೆಯ ಮೇಲೆ ಇಟ್ಟಂತಾಗಿದೆ.

ಅಕ್ಕ, ಭಾವ ಇಬ್ಬರೂ ನಿನ್ನನ್ನು ವಿಚಾರಿಸಿದ್ದಾರೆ. ಬೆಚ್ಚಗಿರು, ಹೀಗೇ ತಲೆ ತಿನ್ನುತ್ತಾ ನೂರು ವರ್ಷ ಬಾಳು.

ಹಿಟ್ಟು ಮೆತ್ತಿದ ಕೈಯ
ನಿನ್ನ ಮಾವ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ನಿನ್ನ ಕಾಗದ ಮತ್ತೆ ಓದಿದೆ. ಅದರ ತುಂಬ ಕೆಂಪು ಗೀಟು ಬಿದ್ದ ಉತ್ತರಗಳದ್ದೇ ಮಾತು. ಕುಸಿಯದೆ ಇದ್ದದ್ದು ಎಷ್ಟು, ವಕೀಲಮ್ಮಾ? ಮೊದಲು ಅದನ್ನು ಬರೆದು ಕಳಿಸು, ಪೆಟ್ಟಿಗೆ ಕಟ್ಟುವ ಮಾತು ಆಮೇಲೆ.