ಊಟದ ಹೊತ್ತಿನ ಬಾಗಿಲು

ಕಾಲುವೆ ಕಚೇರಿಯ ಮೇಲಧಿಕಾರಿ ಮೊಸ್ಯೂ ಲಾಕೊಂಬ್ ಅವರಿಗೆ,

ನಾನು ಲಿಯೊಂತೀನ್ ಬೂಸ್ಕೆ. ದೋಣಿಗಳನ್ನು ಏರಿಸಿ ಇಳಿಸುವ ಈ ಹಳ್ಳಿಯ ಕಾಲುವೆ ಬಾಗಿಲು ಮೂರು ತಲೆಮಾರಿನಿಂದ ನಮ್ಮ ಮನೆತನದ ಕೈಯಲ್ಲಿದೆ. ಪ್ರವಾಸಿಗರನ್ನು ಕಾಯಿಸಬಾರದು, ಊಟದ ಹೊತ್ತಿನಲ್ಲೂ ಬಾಗಿಲು ತೆರೆಯಬೇಕು, ಒಪ್ಪದಿದ್ದರೆ ಕೆಲಸ ಬಿಡಬೇಕು ಎಂದು ಬರೆದಿದ್ದೀರಿ.

ಭಾನುವಾರ ನಾವು ಊಟಕ್ಕೆ ಕೂತಾಗ ಬಾಡಿಗೆ ದೋಣಿಯಲ್ಲಿ ಪ್ಯಾರಿಸ್ಸಿನ ಕುಟುಂಬವೊಂದು ಬಂದು ಹಾರ್ನ್ ಬಾರಿಸಿತು.

"ಬಾಗಿಲು ತೆಗೀರಮ್ಮ! ನಾವು ಊರು ನೋಡೋಕೆ ಬಂದಿರೋದು, ಕಾಯೋಕಲ್ಲ!" ಎಂದು ಯಜಮಾನ ಕೂಗಿದ.

"ಇಷ್ಟು ಕೂಗೋ ಶಕ್ತಿ ಇರೋನು ಈರುಳ್ಳಿನೂ ಹೆಚ್ಚಬಹುದು. ಇಳಿಯಯ್ಯ ಕೆಳಗೆ!" ಎಂದೆ.

ಅವನು ಇಳಿದು ಬಂದು ಕಣ್ಣೀರು ಸುರಿಸುತ್ತ ಹೆಚ್ಚಿದ. ಹೆಂಡತಿ ಬಿದ್ದು ಬಿದ್ದು ನಕ್ಕಳು. ಆಮ್ಲೆಟ್ ತಿಂದು, ನಮ್ಮ ಸೈಕಲ್ಲುಗಳನ್ನೇರಿ, ದಂಡೆಗುಂಟ ದ್ರಾಕ್ಷಿತೋಟಗಳನ್ನೆಲ್ಲ ಸುತ್ತಿ ಬಂದರು. ಅಷ್ಟರಲ್ಲಿ ನಾನು ಬಾಗಿಲು ತೆರೆದಿದ್ದರೂ ಹೊರಡಲು ಅವರಿಗೇ ಮನಸ್ಸಿರಲಿಲ್ಲ.

ನನ್ನನ್ನು ವಿಚಾರಿಸಲು ಬರುವುದಾದರೆ ಊಟದ ಹೊತ್ತಿಗೇ ಬನ್ನಿ. ಸೋಮವಾರ ಬರುವುದಾದರೆ ಬ್ರೆಡ್ ತನ್ನಿ, ಅಂದು ನಮ್ಮೂರಿನ ಬೇಕರಿಗೆ ರಜೆ.

ಹೊಸ ವೇಳೆ ಬರೆದು ನೀವು ಕಳಿಸಿದ ಹಲಗೆ ಬಲು ಗಟ್ಟಿಯಾಗಿದೆ. ಅದನ್ನು ಬಾಗಿಲಿಗೆ ತೂಗುಹಾಕಿಲ್ಲ. ಎರಡು ಪೀಪಾಯಿಗಳ ಮೇಲಿಟ್ಟು ಮೇಜುಬಟ್ಟೆ ಹಾಸಿದ್ದೇನೆ. ಎಂಟು ಜನ ಆರಾಮಾಗಿ ಕೂರಬಹುದು.

ಲಿಯೊಂತೀನ್ ಬೂಸ್ಕೆ
ಕಾಲುವೆ ಬಾಗಿಲ ಮನೆ