ಕತ್ತು ತಿರುಗಿಸುವ ಫ್ಯಾನಿನ ಮೇಲೆ ಒಂದು ದೂರು

ಅಘನಾಶಿನಿಯ ಅಳಿವೆ ದಂಡೆ,
ಫೆಬ್ರವರಿ ೩೧, ೨೪೧೯

ಪೂಜ್ಯ ಪೂರ್ವಜರೇ,

ತಾರೀಖು ನೋಡಿ ಹುಬ್ಬೇರಿಸಬೇಡಿ. ಫೆಬ್ರವರಿಯಲ್ಲಿ ಗಾಳಿ ಚೆನ್ನಾಗಿರುತ್ತದೆಂದು ನಮ್ಮ ಹಾಯಿದೋಣಿಯವರ ಸಭೆ ಆ ತಿಂಗಳಿಗೆ ಮೂರು ದಿನ ಹೆಚ್ಚಿಗೆ ಕೊಟ್ಟಿದೆ. ಜುಲೈಯಿಂದ ಕಿತ್ತುಕೊಂಡದ್ದು, ಯಾರೂ ಅತ್ತಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಈ ಕಾಗದ ಹಿಂದಿನ ಕಾಲಕ್ಕೆ ಹೇಗೆ ಹೋಗುತ್ತದೆಂದು ಮಾತ್ರ ಕೇಳಬೇಡಿ. ನಮ್ಮೂರ ಅಂಚೆಯನ್ನೂ ವಸ್ತುಸಂಗ್ರಹಾಲಯವನ್ನೂ ಒಬ್ಬನೇ ನೋಡಿಕೊಳ್ಳುವ ಪುರ್ಸು "ಹೋಗ್ತದೆ, ಹೋಗ್ತದೆ" ಅಂದಿದ್ದಾನೆ. ನನಗೆ ಈ ಗತಿ ಬಂದದ್ದೂ ಅವನಿಂದಲೇ, ಅದನ್ನು ಆಮೇಲೆ ಹೇಳುತ್ತೇನೆ.

ನಾನು ಶೇವಂತಿ ಖಾರ್ವಿ, ಗಾಳಿಗಾರ್ತಿಯಾಗಲು ಕಲಿಯುತ್ತಿರುವವಳು. ನಿಮ್ಮ ಎಣ್ಣೆ ಮುಗಿದು ಎಷ್ಟೋ ಕಾಲವಾಯಿತು. ಈಗ ಅಕ್ಕಿ, ಉಪ್ಪು, ಮದುಮಗ ಎಲ್ಲವೂ ಹಾಯಿಯ ದಯೆಯಿಂದಲೇ ಊರು ಸೇರಬೇಕು. ಬೆಳಗಿನ ನೆಲಗಾಳಿ ದೋಣಿಯನ್ನು ಕಡಲಿಗೆ ತಳ್ಳುತ್ತದೆ. ಬಿಸಿಲೇರಿದಂತೆ ಅದು ನಿಂತುಹೋಗಿ ಒಂದಷ್ಟು ಹೊತ್ತು ಎಲೆಯೂ ಅಲ್ಲಾಡುವುದಿಲ್ಲ. ಈ ಹೊತ್ತಿಗೆ ನಾವು ‘ಬಾಯ್ಬಂದ್’ ಎನ್ನುತ್ತೇವೆ. ಅದರ ಹಿಂದೆಯೇ ಕಡಲಗಾಳಿ ಬಂದು ದೋಣಿಗಳನ್ನು ಹೊಳೆಯ ಮೇಲ್ಮುಖಕ್ಕೆ ಒಯ್ಯುತ್ತದೆ. ಅದು ಬರುವ ಗಳಿಗೆಯನ್ನು ಮೊದಲೇ ತಿಳಿದು ಶಂಖ ಊದುವವಳೇ ಗಾಳಿಗಾರ್ತಿ. ಶಂಖ ಕೇಳಿದ ಮೇಲೆಯೇ ದೋಣಿ ಬಿಚ್ಚುವುದು. ಸತತ ಮೂರು ಸಲ ಸರಿಯಾಗಿ ಊದಿದರೆ ಶಂಖ ನನ್ನದು. ತಪ್ಪಿದರೆ ಬಾಳಿಡೀ ಬಳಚು ಎಂಬ ಚಿಪ್ಪುಮೀನಿನ ಚಿಪ್ಪು ಬಿಡಿಸುತ್ತ ಕೂರಬೇಕು. ಆ ವಾಸನೆ ನನಗೆ ಕಂಡರಾಗದು. ನನಗೆ ಶಂಖ ಬೇಕು, ಬೇಕೆಂದರೆ ಬೇಕು.

ನನ್ನ ಗುರು ಬೀರಮ್ಮ ಅಂಬಿಗ. ವಯಸ್ಸು ಎಪ್ಪತ್ತು, ನಾಲಿಗೆಗೆ ಇಪ್ಪತ್ತು. ಮೊದಲ ದಿನ ನಾನು ಬೆರಳು ಒದ್ದೆ ಮಾಡಿ ಎತ್ತಿದ್ದಕ್ಕೆ ಕೈಮೇಲೆ ಹೊಡೆದಳು. "ಬೆರಳು ಸುಳ್ಳು ಹೇಳ್ತದೆ ಮಾರಾಯ್ತಿ! ಕೆಮಿ ಹಿಂದೆ ಒದ್ದೆ ಮಾಡ್ಕ." ಬರಿಗಾಲಲ್ಲಿ ಕೆಂಪುಕಲ್ಲಿನ ಮೇಲೆ ನಿಂತು ಕಲ್ಲು ಎಷ್ಟು ಕಾದಿದೆಯೆಂದು ತಿಳಿಯಬೇಕು, ಗುಡ್ಡದ ನೆತ್ತಿಯ ಮೋಡ ನೋಡಬೇಕು. ಕೊನೆಯ ಗುರುತು ಕಿವಿಯದು. "ಕಡಲಗಾಳಿ ಒಮ್ಮೆಲೇ ಬರೂದಿಲ್ಲ. ಬಂತು, ಹೋಯ್ತು, ಬಂತು, ಹೋಯ್ತು. ನಾಚ್ಕೆ ಅದ್ಕೆ. ಮೂರನೇ ಸಲಕ್ಕೆ ಊದು." ನಾಲ್ಕು ವರ್ಷ ಇದನ್ನೇ ಕಲಿತೆ. ಎರಡು ಶಂಖ ಸರಿಯಾದವು.

ಮೂರನೆಯದು ಮೊನ್ನೆ, ನಮ್ಮೂರ ಜಟ್ಟಿಯ ಮದುವೆ ದೋಣಿಗೆ. ಅಂದೇ ನಿಮ್ಮ ಹಬ್ಬವೂ ಇತ್ತು. ವರ್ಷಕ್ಕೊಮ್ಮೆ ಪೂರ್ವಜರ ದಿನ ವಸ್ತುಸಂಗ್ರಹಾಲಯದಲ್ಲಿ ನಿಮ್ಮ ಕಾಲದ ಟೇಬಲ್ ಫ್ಯಾನನ್ನು ವರ್ಷವಿಡೀ ಕೂಡಿಟ್ಟ ಚೂರು ಕರೆಂಟಿನಲ್ಲಿ ತಿರುಗಿಸಿ, ಕೈಮುಗಿದು, ಪಾನಕ ಕುಡಿಯುತ್ತೇವೆ. ನಾನು ಹೊರಗೆ ದೋಣಿ ಕಟ್ಟುವ ದಕ್ಕೆಯ ಮೇಲೆ, ಆ ಕಟ್ಟಡದ ಕಿಟಕಿಯ ಕೆಳಗೆ ಕಣ್ಣು ಮುಚ್ಚಿ ನಿಂತಿದ್ದೆ. ಕಿವಿಯ ಹಿಂದೆ ತಣ್ಣಗಾಯಿತು. ಹೋಯಿತು. ಮತ್ತೆ ಬಂತು, ಹೋಯಿತು. ಎಂಥ ನಾಚಿಕೆಯ ಗಾಳಿ! ಕಾಲಡಿಯ ಕಲ್ಲು ಇನ್ನೂ ಬೆಚ್ಚಗಾಗಿರಲಿಲ್ಲ. ಕಾಲಿನ ಮಾತು ಕೇಳಬೇಕಿತ್ತು, ಕೇಳಲಿಲ್ಲ. ಮೂರನೇ ಸಲಕ್ಕೆ ಎದೆಯುಬ್ಬಿಸಿ ಊದಿಬಿಟ್ಟೆ.

ಮದುಮಗ, ವಾಲಗದವರು, ನಲವತ್ತು ಜನ ನೆಂಟರು ಹೊರಟರು. ಹಾಯಿ ಏರಿಸಿದರು. ಅದು ಒಣಹಾಕಿದ ಸೀರೆಯಂತೆ ಜೋತುಬಿತ್ತು. ಇಳಿತದ ನೀರು ದೋಣಿಯನ್ನು ನಿಧಾನವಾಗಿ ಹಿಂದಕ್ಕೆಳೆದು ಮರಳದಿಬ್ಬದ ಮೇಲೆ ಕೂರಿಸಿತು. ಅಲ್ಲಿಂದ ಜಟ್ಟಿಯ ಸೋದರತ್ತೆ ಕೂಗಿದಳು: "ಏ ಶೇವಂತೀ, ಶಂಖ ಊದಿದ್ದು ಸಾಕು, ಬಂದು ಹಾಯಿಗೆ ಊದು!" ನಾನು ಕಕ್ಕಾಬಿಕ್ಕಿಯಾಗಿ ಮೇಲೆ ನೋಡಿದೆ. ಕಿಟಕಿಯಲ್ಲಿ ನಿಮ್ಮ ಫ್ಯಾನು ಕತ್ತು ತಿರುಗಿಸಿ ನನ್ನನ್ನು ನೋಡಿತು, ಮತ್ತೆ ಅತ್ತ ತಿರುಗಿತು. "ಜನ ಹೆಚ್ಚಾಗಿ ಸೆಖೆ ಆಯ್ತು, ಕಿಟಕಿ ಹತ್ರ ಇಟ್ಟೆ" ಅಂದ ಪುರ್ಸು.

ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಕಿಟಕಿಯಿಂದ ದೂರ ಓಡಿ, ಬರಿಗಾಲಲ್ಲಿ ಕಲ್ಲಿನ ಮೇಲೆ ನಿಂತೆ. ಕಲ್ಲು ಸುಡತೊಡಗಿತು. ಗುಡ್ಡದ ಮೋಡ ಬಿಚ್ಚಿಕೊಂಡಿತು. ಊರವರೆಲ್ಲ ನಗುತ್ತಿರುವಾಗಲೇ ಎರಡನೇ ಸಲ ಊದಿದೆ. ಪಾನಕದ ಲೋಟ ಖಾಲಿಯಾಗುವಷ್ಟರಲ್ಲಿ ಗಾಳಿ ಬಂತು, ಗಂಡಸರು ಇಳಿದು ತಳ್ಳಿದರು, ಹಾಯಿ ತುಂಬಿತು. ಮುಹೂರ್ತಕ್ಕೆ ಸರಿಯಾಗಿ ತಲುಪಿದ ಜಟ್ಟಿ ಮೊಣಕಾಲವರೆಗಿನ ಕೆಸರಿನಲ್ಲೇ ತಾಳಿ ಕಟ್ಟಿದನಂತೆ.

ಆದರೂ ಮೊದಲ ಶಂಖ ತಪ್ಪೇ ತಾನೆ? ನಮ್ಮ ದಕ್ಕೆಯಲ್ಲಿ ಒಂದು ಕಟ್ಟಳೆಯಿದೆ. ಗಾಳಿಗಾರ್ತಿಯ ದಾರಿ ತಪ್ಪಿಸಿದವರು ತಾವೇ ತಪ್ಪೊಪ್ಪಿಕೊಂಡರೆ ಆ ಶಂಖವನ್ನು ಊದಿಲ್ಲವೆಂದೇ ತಿಳಿಯಬೇಕು. ಆಗ ಆಮೇಲೆ ಸರಿಯಾಗಿ ಊದಿದ್ದೇ ನನ್ನ ಮೂರನೆಯದು. ಪುರ್ಸು ಜಾಣ: "ಕತ್ತು ತಿರುಗೂ ಹಾಂಗೆ ಮಾಡಿದ್ದು ನಾನಲ್ಲ" ಅಂದ. ಬೀರಮ್ಮ ಇವತ್ತು ಶಂಖವನ್ನು ಸೆರಗಿನಲ್ಲಿ ಕಟ್ಟಿಕೊಂಡು, "ಹಾಂಗಾದ್ರೆ ಮಾಡಿದವ್ರನ್ನೇ ಕೇಳು. ನಾಳೆವರೆಗೆ ಕಾಯ್ತೆ" ಅಂದಳು. ಬಾಗಿಲ ಬಳಿ ಚಿಪ್ಪಿನ ಬುಟ್ಟಿ ಆಗಲೇ ಬಂದು ಕೂತಿದೆ.

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ. ಒಂದು ಚೀಟಿಯಲ್ಲಿ ‘ತಪ್ಪು ನಮ್ಮದೇ’ ಎಂದು ಬರೆದು, ಮಡಕೆಯಲ್ಲಿಟ್ಟು ಬಾಯಿಗೆ ಮೇಣ ಮೆತ್ತಿ, ಅಘನಾಶಿನಿಯ ಅಳಿವೆಯಲ್ಲಿ ಬಡಗು ದಂಡೆಯ ದೊಡ್ಡ ಕೆಂಪುಬಂಡೆಯ ಬುಡದಲ್ಲಿ ಹೂತಿಡಿ. ಅವಸರವೇನಿಲ್ಲ, ನಿಮಗೆ ಬಿಡುವಾದಾಗ ಸಾಕು. ನಾನು ನಾಳೆ ಬೆಳಿಗ್ಗೆ ಗುದ್ದಲಿ ಹಿಡಿದು ಹೋಗುತ್ತೇನೆ.

ನಿಮ್ಮವಳೇ ಆದ,
ಶೇವಂತಿ