ಹೊಸ ಟ್ರಾನ್ಸ್‌ಫಾರ್ಮರ್ ಬಂದ ಮೇಲೆ

ಗುರುವಾರ, ಮಧ್ಯಾಹ್ನ

ನಮ್ಮ ಮನೆಯವರಿಗೆ (ಸದ್ಯಕ್ಕೆ ಮನೆಯಲ್ಲಿ ಇಲ್ಲದಿದ್ದರೂ),

ಬೀದಿಯ ಆ ತುದಿಗೆ ನಡೆದು ಬಂದು ಹೇಳಬಹುದಾದ ಮಾತಿಗೆ ಕಾಗದವೇಕೆ ಎಂದು ಹುಬ್ಬು ಗಂಟಿಕ್ಕಬೇಡಿ. ಎದುರಿಗೆ ನಿಂತರೆ ನಮ್ಮಿಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ. ಕಾಗದದಲ್ಲಾದರೆ ನಾನು ಹೇಳಿ ಮುಗಿಸುವವರೆಗೆ ನೀವು ನಡುವೆ ಬಾಯಿ ಹಾಕುವಂತಿಲ್ಲ.

ಹೊಸ ಟ್ರಾನ್ಸ್‌ಫಾರ್ಮರ್ ಬಂದಾಗಿನಿಂದ ಬೀದಿಯ ಲಕ್ಷಣವೇ ಬದಲಾಗಿದೆ. ಗಿರಣಿ ಅಜ್ಜ ಹಿಟ್ಟು ಬೀಸುತ್ತಿರುವಾಗಲೇ ಪಕ್ಕದಲ್ಲಿ ಐಸ್ ಕಾರ್ಖಾನೆ ಗುರುಗುಟ್ಟುತ್ತದೆ, ನನ್ನ ಹೊಲಿಗೆ ಯಂತ್ರವೂ ಹೊಸ ಮೋಟಾರಿನಲ್ಲಿ ಓಡುತ್ತದೆ. ಕಂಬದಿಂದಿಳಿದ ಲೈನ್‌ಮನ್‌ನನ್ನು ಅಜ್ಜ, "ಇನ್ನು ಕರೆಂಟ್ ಹೋಗಲ್ವೇನಪ್ಪಾ?" ಎಂದು ಕೇಳಿದರಂತೆ. "ಹೋಗುತ್ತೆ ಅಜ್ಜ, ಆದ್ರೆ ಹೋಗೋವರೆಗೂ ಚೆನ್ನಾಗಿರುತ್ತೆ" ಎಂದನಂತೆ ಅವನು. ಬೀದಿಗೆಲ್ಲ ಈಗ ಅದೇ ನಗೆಮಾತು. ದಿನವೂ ಒಂದಷ್ಟು ಹೊತ್ತು ಹೋಗುವುದು ನಿಜವೇ. ಆದರೆ ಇದ್ದಷ್ಟು ಹೊತ್ತು ಗಟ್ಟಿಯಾಗಿರುತ್ತದೆ. ನಿಮ್ಮಾಣೆಗೂ ನನಗೆ ಸಂತೋಷವಾಗಿದೆ.

ಹಿಂದಿನ ಏರ್ಪಾಡು ನೆನೆದರೆ ನಗು ಬರುತ್ತದೆ. ಇಡೀ ಬೀದಿಗೆ ಅದೊಂದೇ ಮುದಿ ಟ್ರಾನ್ಸ್‌ಫಾರ್ಮರ್. ನೀವು ವೆಲ್ಡಿಂಗ್ ಶುರುಮಾಡಿದರೆ ಎಲ್ಲರ ಮನೆಯ ದೀಪ ಮಂಕಾಗುತ್ತಿತ್ತು, ನನ್ನ ಮೋಟಾರು ಏದುಸಿರು ಬಿಡುತ್ತಿತ್ತು. ಅದಕ್ಕೇ ನೀವು ಮೊದಲು ವರ್ಕ್‌ಶಾಪಿನ ಬಾಗಿಲಲ್ಲಿ ತೂಗುಹಾಕಿದ ಕಬ್ಬಿಣದ ತುಂಡು ಬಡಿಯಬೇಕು, ನಾನು ಯಂತ್ರ ನಿಲ್ಲಿಸಬೇಕು ಎಂದು ನಮ್ಮ ಒಪ್ಪಂದ. ಆ ದಿನ ನೀವು ಬಡಿಯಲಿಲ್ಲ ಎಂದು ನಾನು, ಬಡಿದೆ ಎಂದು ನೀವು. ದಾದಿಯರ ಸಮವಸ್ತ್ರ ಅರ್ಧ ಹೊಲಿದಿರುವಾಗಲೇ ಮೋಟಾರು ಸುಟ್ಟು ಹೊಗೆಯಾಡಿತು. ಮಾತಿಗೆ ಮಾತು ಬೆಳೆದು ನೀವು ಹಾಸಿಗೆ ಸುತ್ತಿಕೊಂಡು ವರ್ಕ್‌ಶಾಪಿಗೆ ಹೊರಟೇಬಿಟ್ಟಿರಿ. ನಾನೂ ತಡೆಯಲಿಲ್ಲ.

ನಿಮಗೆ ಊಟ ಕೊಟ್ಟು ಬಂದ ಮಗಳು, "ಅಪ್ಪ ಚೆನ್ನಾಗಿದಾರೆ" ಎನ್ನುತ್ತಾಳೆ. ನಾನು ಕೇಳುವುದಿಲ್ಲ, ಅವಳೇ ಹೇಳುತ್ತಾಳೆ. ಹಳೆಯ ಟ್ರಾನ್ಸ್‌ಫಾರ್ಮರ್ ಇದ್ದಾಗ ನನಗದು ಮೊದಲೇ ಗೊತ್ತಿರುತ್ತಿತ್ತು. ಬೆಳಿಗ್ಗೆ ನನ್ನ ಯಂತ್ರದ ಮೇಲಿನ ದೀಪ ಮೊದಲ ಸಲ ಮಂಕಾದಾಗ, ಸದ್ಯ, ಎದ್ದು ಕೆಲಸಕ್ಕೆ ಕೂತರು ಎಂದುಕೊಳ್ಳುತ್ತಿದ್ದೆ. ಬಿಟ್ಟು ಬಿಟ್ಟು ಮಂಕಾದರೆ ನೀವು ಬೆಸೆಯುತ್ತಿರುವುದು ಕಿಟಕಿ ಸರಳು, ತುಂಬ ಹೊತ್ತು ಮಂಕಾಗಿಯೇ ಇದ್ದರೆ ದೊಡ್ಡ ಗೇಟು. ನೀವು ಅಲ್ಲಿ ಜ್ವರ ಬಂದು ಮಲಗಿದ ದಿನ ದೀಪ ಒಮ್ಮೆಯೂ ಅಲುಗಲಿಲ್ಲ. ಮಗಳ ಕೈಯಲ್ಲಿ ಮಾತ್ರೆ ಕಳಿಸಿದ್ದು ಅದಕ್ಕೇ. "ನಿಮ್ಮಮ್ಮಂಗೆ ಯಾರು ಹೇಳಿದ್ರು?" ಎಂದು ಅವಳನ್ನು ಕೇಳಿದಿರಂತೆ. ಯಾರೂ ಹೇಳಿರಲಿಲ್ಲ.

ಈಗ ನೀವು ಕಬ್ಬಿಣ ಬಡಿಯಬೇಕಿಲ್ಲ, ದೀಪವೂ ಒಂದೇ ಸಮ ಉರಿಯುತ್ತದೆ. ಅಲ್ಲಿ ನೀವು ಎದ್ದಿರೋ, ಮಲಗಿದ್ದೀರೋ, ಇಲ್ಲಿ ಕೂತವಳಿಗೆ ಒಂದೂ ತಿಳಿಯುವುದಿಲ್ಲ. ಇಷ್ಟು ಒಳ್ಳೆಯ ಕರೆಂಟಿನ ಮೇಲೆ ದೂರು ಹೇಳಿದರೆ ಬೀದಿಯವರು ನನಗೆ ತಲೆ ಕೆಟ್ಟಿದೆ ಎಂದಾರು, ಹಾಗಾಗಿ ನಿಮಗೇ ಬರೆಯುತ್ತಿದ್ದೇನೆ. ನೀವಿಲ್ಲದೆ ನನಗೆ ಹೊತ್ತು ಹೋಗುವುದಿಲ್ಲ. ಕಬ್ಬಿಣ ಬಡಿದಿರೋ ಇಲ್ಲವೋ, ಆ ವಾದವನ್ನು ಇಬ್ಬರೂ ಹಣ್ಣಾಗುವವರೆಗೆ ಮನೆಯಲ್ಲೇ ಕೂತು ಮಾಡೋಣ. ಹಾಸಿಗೆ ಸುತ್ತಿಕೊಂಡು ಬನ್ನಿ.

ಇಂತಿ,
ನಿಮ್ಮ ಟೈಲರಮ್ಮ

ಬರೆಯುವುದು ಮರೆತೆ: ನಿನ್ನೆ ದೀಪ ಇದ್ದಕ್ಕಿದ್ದಂತೆ ಮಂಕಾಯಿತು. ಹೊಲಿಯುತ್ತಿದ್ದುದನ್ನು ಹಾಗೇ ಬಿಟ್ಟು, ನೀವೇ ಎಂದು ಬಾಗಿಲಿಗೆ ಓಡಿದೆ. ನೋಡಿದರೆ ಹಳೆಯ ಬಲ್ಬು, ಅದರ ಆಯಸ್ಸು ಮುಗಿದಿತ್ತು. ಬರುವಾಗ ಒಂದು ಬಲ್ಬು ತನ್ನಿ.